ಕಡಲಡಿಯ ಮೂರಕ್ಷರ

೩ ಫೆಬ್ರವರಿ ೨೦೦೬, ಸಲಾಲಾ

'ಮುಳುಗಿದ್ದು ಕಳೆದದ್ದಲ್ಲ...' ಮುಂದಿನ ಅರ್ಧ ನೆನಪಾಗುತ್ತಿಲ್ಲ. ಬೆಳಿಗ್ಗೆಯಿಂದ ತಲೆಯಲ್ಲಿ ಇದೇ. ನಿಜವೇ ಈ ಮಾತು? ಬರೆದವನು ದಡ ಬಿಟ್ಟು ಇಳಿದಿರಲಾರ.

ಇವತ್ತೂ ರಾಶಿ ಟೇಪ್. ಸರ್ವೆ ಹಡಗಿನ ರೋಬೋಟ್ ಕ್ಯಾಮೆರಾ ಕಡಲ ತಳದಲ್ಲಿ ತೆಗೆದದ್ದು. ನೋಡಿ, ಕಂಡದ್ದನ್ನು ಬರೆದಿಡುವುದು ನನ್ನ ಕೆಲಸ. ಮರಳು. ಮರಳು. ಒಂದು ಕುರುಡು ಮೀನು. ಹಳೆಯ ಲಿಪಿಗಳನ್ನು ಓದಿ ಎಂ.ಎ. ಮಾಡಿ, ಆಮೇಲೆ ಗಂಡನ ಜೊತೆ ಇಲ್ಲಿಗೆ ಬಂದು ಬರೀ ಅಡುಗೆ ಮಾಡಿದವಳಿಗೆ, ಸಂಬಳವಿಲ್ಲದಿದ್ದರೂ ಇದು ಹಬ್ಬ. ಪುರಾತನ ಹಡಗು ಸಿಕ್ಕರೆ ನೌಕರಿ ಖಾಯಂ ಎಂದಿದ್ದಾನೆ ತಂಡದ ಮುಖ್ಯಸ್ಥ ಫ್ರೆಡ್ಡಿ.

ಎದುರು ಫ್ಲಾಟಿನ ಡೊರೊತಿ ಚರ್ಚಿನಿಂದ ನೇರ ಬಂದರಿಗೆ ಹೋದಳು, ಪ್ರತಿ ಶುಕ್ರವಾರದಂತೆ. ಗಂಡ ಅಲೋಶಿಯಸ್ ಮಂಗಳೂರಿನಿಂದ ಇಲ್ಲಿಗೆ ಹೊರಟ 'ಜಲಮಾತಾ' ಎಂಬ ಮಂಜಿಯೊಂದಿಗೆ, ಅಂದರೆ ಸರಕಿನ ಮರದ ಹಡಗಿನೊಂದಿಗೆ, ಕಾಣೆಯಾಗಿ ಆರು ವರ್ಷ.

"ಚರ್ಚಿನಲ್ಲಿ ಸತ್ತವರ ಪೂಜೆ ಇಡಿಸು ಅಂತಾರೆ ಊರಲ್ಲಿ. ಇರುವವನಿಗೆ ಎಂತ ಪೂಜೆ ಅಕ್ಕ? ಬಂದ ಮೇಲೆ ನನಗೇ ಬೈಯುವುದಿಲ್ವಾ?" ಸಂಜೆ ಮರಳಿದವಳು ನಕ್ಕಳು.

೯ ಫೆಬ್ರವರಿ

ಟೇಪಿನಲ್ಲಿ ಮರದ ಹಲಗೆ. ಮೇಲೆ ಅಕ್ಷರ. ಫ್ರೆಡ್ಡಿ ಓಡಿ ಬಂದ.

"ಯಾವ ಸ್ಕ್ರಿಪ್ಟ್ ಮ್ಯಾಡಮ್? ಬ್ರಾಹ್ಮಿಯಾ?"

ಓದಿದೆ. ಜ. ಲ. ಮಾ. ಉಳಿದದ್ದು ಮರಳಿನಲ್ಲಿ. ಕಲಿತ ಲಿಪಿಗಳಲ್ಲಿ ಒಂದೂ ಬೇಕಾಗಲಿಲ್ಲ. ಒಂದನೇ ತರಗತಿ ಸಾಕಿತ್ತು.

"ಕನ್ನಡ. ಈಗಿನದೇ."

"ಛೆ, ಕಚ್ರಾ."

ಪಕ್ಕದಲ್ಲಿ ಒಂದು ರಬ್ಬರ್ ಬೂಟು. ಒಳಗೆ ಏನೋ ಇತ್ತು... ಫ್ರೆಡ್ಡಿ ಟೇಪ್ ಮುಂದೆ ಓಡಿಸಿದ.

ಡೊರೊತಿಯ ವಿಷಯ ಹೇಳಿದೆ. ಫ್ರೆಡ್ಡಿ ಬಾಗಿಲು ಮುಚ್ಚಿ ಬಂದ. "ಹೇಳಿದರೆ ಪೊಲೀಸರು ಬಂದು ಆ ಜಾಗ ಮುಚ್ಚುತ್ತಾರೆ. ಸೀಸನ್ ಖಲಾಸ್. ನಿಮ್ಮ ನೌಕರಿಯೂ. ಆರು ವರ್ಷ ಕಾದವಳು ಇನ್ನೂ ಸ್ವಲ್ಪ ದಿನ ಕಾಯಲಾರಳಾ?"

ಕಾಯುತ್ತಾಳೆ, ಅಂದೆ. ನಾನೇ ಅಂದದ್ದು.

ಕಂಡದ್ದನ್ನು ಬರೆದೆ: ಆಧುನಿಕ. ಮಹತ್ವವಿಲ್ಲ.

೧೭ ಫೆಬ್ರವರಿ

ಡೊರೊತಿ ಬಂದರಿನಿಂದ ಮೀನು ತಂದುಕೊಟ್ಟಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ — ಇದಕ್ಕೆ ಹುಳಿ ಎಷ್ಟು ಹಾಕುತ್ತೀ ಎಂದು ಕೇಳಿದೆ.

೨ ಮಾರ್ಚ್

ಸಿಕ್ಕಿತು! ಮಂಜಿಯಿಂದ ಅರ್ಧ ಮೈಲಿ ಆಚೆ. ಜಾಡಿಗಳ ರಾಶಿ, ಹಗ್ಗದಿಂದ ಹೊಲಿದ ಹಲಗೆಗಳ ಗುರುತು. ಸಾವಿರ ವರ್ಷವಾದರೂ ಆಗಿರಬೇಕಂತೆ. ಫ್ರೆಡ್ಡಿ ಅತ್ತುಬಿಟ್ಟ. ಅದರಲ್ಲಿ ಮುಳುಗಿದ ನಾವಿಕರಿಗಾಗಿ ಒಂದು ನಿಮಿಷ ಮೌನ ಆಚರಿಸೋಣ ಎಂದ. ನಾನೂ ತಲೆ ತಗ್ಗಿಸಿ ನಿಂತೆ.

ಏಪ್ರಿಲ್‌ನಿಂದ ನೌಕರಿ. ಮಂಜಿಯ ವಿಷಯ ಮಾತ್ರ ಅಲ್ಲಿಯವರೆಗೆ ಬೇಡವಂತೆ.

೩ ಮಾರ್ಚ್

ಬೆಲ್. ಡೊರೊತಿ, ಕೈಯಲ್ಲಿ ಬಿಸಿ ಪಾಯಸ. ತನಗೆ ಚರ್ಚಿನ ತಪಸ್ಸುಕಾಲದ ಉಪವಾಸ, ನನಗೆಂದೇ ಮಾಡಿದ್ದು. ಒಳಗೆ ಬಾ ಎಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು:

"ಹಡಗು ಸಿಕ್ಕಿತಂತಲ್ಲ ಅಕ್ಕ, ನಿಮ್ಮವರು ಹೇಳಿದ್ರು. ಅಷ್ಟು ಹಳೆಯದೇ ನಿಮ್ಮ ಕಣ್ಣಿಗೆ ಬಿತ್ತು. ನಮ್ಮವರ ಮಂಜಿ ಅಲ್ಲಿದ್ದಿದ್ರೆ ಬೀಳದೆ ಇರ್ತಿತ್ತಾ? ಅದು ಕೆಳಗಿಲ್ಲ, ಅಲ್ವಾ? ಪೂಜೆ ಬೇಡ ಅಂತ ಈಗಷ್ಟೇ ಊರಿಗೆ ಫೋನ್ ಮಾಡಿದೆ..."