ಬೇಡ ಎನ್ನುವ ತರಬೇತಿ

ಅಮ್ಮಾ,

ನಮ್ಮ ಬುಡಕಟ್ಟಿನ ಕಲಾವಿದರಿಗೆ ನಾಯಕತ್ವದ ತರಬೇತಿ ನಡೆಯುತ್ತಿದೆ. ನೀನು ಹೋದಮೇಲೆ ಮೇಳಕ್ಕೆ ನಾನೇ ಯಜಮಾನಿ ತಾನೇ, ನನ್ನನ್ನೂ ಕರೆಸಿದ್ದಾರೆ. ದಿನವಿಡೀ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೊಂಟ ಬಿದ್ದುಹೋಗಿದೆ.

ಇವತ್ತು ಮಧ್ಯಾಹ್ನ ಬೇಡ ಎನ್ನುವುದನ್ನು ಅಭ್ಯಾಸ ಮಾಡಿಸಲು ತರಬೇತುದಾರರು ಉತ್ಸವದ ಆಯೋಜಕರಂತೆ ನಟಿಸುತ್ತಾ ನನ್ನೆದುರು ಕೂತರು. "ನಿಮ್ಮ ಸಾವಿನ ಹಾಡನ್ನ ವೇದಿಕೇಲಿ ಹಾಡ್ಬೇಕು. ಐದೇ ನಿಮಿಷ ಸಾಕು," ಎಂದರು.

"ಅಮ್ಮನ್ನ ಕೇಳಿ ಹೇಳ್ತೀನಿ ಸಾರ್," ಎಂದುಬಿಟ್ಟೆ.

ಎಲ್ಲರೂ ನಕ್ಕರು. ನಮ್ಮ ಡೋಲಿನ ಮಾವ ಮಾತ್ರ ತಲೆ ತಗ್ಗಿಸಿದ.

"ಈಗ ನಿರ್ಧಾರ ನಿಮ್ಮದೇ ಅಲ್ವಾ?" ಎಂದರು ತರಬೇತುದಾರರು, ಮೆಲ್ಲಗೆ.

"ಹಾಗಾದ್ರೆ ಬೇಡ ಸಾರ್. ಅದು ಸತ್ತವರ ಮುಂದೆ ಮಾತ್ರ ಹಾಡೋದು."

ಅವರು ಬಿಡಲಿಲ್ಲ. ಹೆಸರು ಬರುತ್ತೆ ಎಂದರು, ಮುಂದಿನ ವರ್ಷ ಕರೆಯಲ್ಲ ಎಂದರು. ನಾನು ಬೇಡ, ಬೇಡ ಎನ್ನುತ್ತಲೇ ಹೋದೆ. ಕೊನೆಗೆ ಚಪ್ಪಾಳೆ ಬಿತ್ತು.

ಬರೀ ನಟನೆ; ಆದರೂ ರೂಮಿಗೆ ಬಂದವಳೇ ಗೋಡೆಗೊರಗಿ ಕೂತುಬಿಟ್ಟೆ. ಒಂದು ಮಧ್ಯಾಹ್ನಕ್ಕೇ ಇಷ್ಟು ಸುಸ್ತು. ನೀನು ಜನ್ಮವಿಡೀ ಹೀಗೇ ಬೇಡ ಎಂದು ಹೇಳಿ ಮನೆಗೆ ಬರುತ್ತಿದ್ದೆ. "ಯಾಕಮ್ಮ ಇಷ್ಟು ಹಠ?" ಎಂದು ನಾವು ಮಕ್ಕಳು ಬಾಗಿಲಲ್ಲೇ ಕೇಳುತ್ತಿದ್ದೆವು. ನಿನಗೆ ಒಂದು ಲೋಟ ನೀರು ಕೊಟ್ಟದ್ದು ನೆನಪಾಗುತ್ತಿಲ್ಲ.