ಮಾರಮ್ಮನ ಬಾಯಲ್ಲಿ ಹೇಳಿಕಳಿಸಿದ ಮಾತು

ಅರಸೀಕೆರೆ
೫-೮-೧೯೯೮

ಇಂದುವಿಗೆ, ಮೀನಾಕ್ಷಿಯ ನೆನಪುಗಳು.

ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾಗಬಹುದು. ನಾವು ಮಾತು ಬಿಟ್ಟು ಒಂದೂವರೆ ವರ್ಷವಾಯಿತು. ಒಂದೇ ಆಸ್ಪತ್ರೆಯಲ್ಲಿ ದಿನವೂ ಎದುರುಬದುರು ಓಡಾಡುವಾಗ ಬಾರದ ಬುದ್ಧಿ, ನೀನು ರಜೆ ಹಾಕಿ ಬಿಕ್ಕೋಡಿನ ತವರಿಗೆ ಹೋದ ಮೇಲೆ ಬಂದಿದೆ. ತಡವಾದದ್ದಕ್ಕೆ ಕ್ಷಮಿಸು. ಕ್ಷಮಿಸಲು ಮನಸ್ಸಿಲ್ಲದಿದ್ದರೆ ಬಿಡು, ಪೂರ್ತಿ ಓದು ಅಷ್ಟೇ.

ಇಲ್ಲಿ ವಿಶೇಷವೇನಿಲ್ಲ. ನಿನ್ನ ಕ್ವಾರ್ಟರ್ಸಿನ ಮುಂದಿನ ಕನಕಾಂಬರದ ಗಿಡಕ್ಕೆ ಅನುಸೂಯಮ್ಮ ಸಿಸ್ಟರ್ ನೀರು ಹಾಕುತ್ತಿದ್ದಾರೆ, ಹೂವನ್ನೂ ಅವರೇ ಮುಡಿಯುತ್ತಾರೆ. ಆ ಕ್ವಾರ್ಟರ್ಸಿಗಾಗಿ ತಾನೇ ನಾವು ಜಗಳವಾಡಿದ್ದು! ಸೀನಿಯರ್ ನಾನು, ಸಿಕ್ಕಿದ್ದು ನಿನಗೆ. ಅದರ ಬಚ್ಚಲು ಸೋರುತ್ತದೆಂದು ಕೇಳಿದ ದಿನ ನನಗೆ ಸ್ವಲ್ಪ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅಂದಿನಿಂದ ನನ್ನ ಕ್ಯಾಜುವಲ್ಟಿಯಿಂದ ನಿನ್ನ ವಾರ್ಡಿಗೆ ರೋಗಿ ಹೋದಾಗಲೆಲ್ಲ ಆಯಾ ಮಾರಮ್ಮನೇ ನಮ್ಮಿಬ್ಬರ ಬಾಯಿ. ಮಂಚದ ಪಕ್ಕ ನಿಂತು ನಾನೇ ನಿನಗೆ ಎಲ್ಲ ಹೇಳಿ ಹೋಗಬೇಕೆಂಬುದು ಪದ್ಧತಿ. ನಾನು ವಾರ್ಡಿನ ಬಾಗಿಲಲ್ಲೇ ನಿಂತು, "ಮಾರಮ್ಮ, ಆ ಸಿಸ್ಟರಿಗೆ ಹೇಳು, ಡ್ರಿಪ್ ನಾಲ್ಕಕ್ಕೆ ಮುಗಿಯತ್ತೆ" ಎನ್ನುತ್ತಿದ್ದೆ. ಹತ್ತು ಅಡಿ ದೂರದಿಂದ ನೀನು, "ಮಾರಮ್ಮ, ಕೇಳಿಸ್ತು ಅಂತ ಹೇಳು" ಎನ್ನುತ್ತಿದ್ದೆ. ಅವಳು ಇಬ್ಬರ ಮುಖವನ್ನೂ ನೋಡಿ, "ಇಬ್ರಿಗೂ ಕಿವಿ ಐತಲ್ಲವ್ವಾ, ಮಧ್ಯದಲ್ಲಿ ನಾನ್ಯಾಕೆ?" ಎಂದು ನಗುತ್ತಿದ್ದಳು. ರೋಗಿಗಳೂ ನಗುತ್ತಿದ್ದರು.

ಕೃಷ್ಣಪ್ಪನ ವಿಷಯಕ್ಕೆ ಬರುತ್ತೇನೆ. ಕಣಕಟ್ಟೆಯಲ್ಲಿ ತೆಂಗಿನಕಾಯಿ ತುಂಬುವಾಗ ಟೆಂಪೋ ಮೇಲಿಂದ ಬಿದ್ದವನು ತಾನೇ ನಡೆದುಕೊಂಡು ನನ್ನ ಹತ್ತಿರ ಬಂದ. ತಲೆಗೆ ಮೂರು ಹೊಲಿಗೆ. ಹೆರಿಗೆ ಕೇಸಿಗೆ ಓಡುವ ಅವಸರದಲ್ಲಿ ಡಾಕ್ಟರು ಕೇಸ್ ಶೀಟಿನಲ್ಲಿ "ಅಬ್ಸರ್ವೇಶನ್" ಎಂದಷ್ಟೇ ಗೀಚಿದರು. ಬಾಯಲ್ಲಿ ಹೇಳಿದ್ದು ಬೇರೆ: "ಅರ್ಧ ಗಂಟೆಗೊಂದು ಸಲ ಎಬ್ಬಿಸಿ ಮಾತಾಡಿಸ್ಬೇಕು, ಕಣ್ಣಿಗೆ ಟಾರ್ಚ್ ಹಾಕಿ ನೋಡ್ಬೇಕು. ಚೂರು ಮಂಕಾದ್ರೂ ಹಾಸನಕ್ಕೆ ಕಳಿಸ್ಬೇಕು. ವಾರ್ಡಿಗೆ ಹೇಳಿಬಿಡಿ ಸಿಸ್ಟರ್."

ಎರಡು ಗಂಟೆಗೆ ನನ್ನ ಡ್ಯೂಟಿ ಮುಗಿಯುವುದರಲ್ಲಿತ್ತು. ಮಾರಮ್ಮ ಅವನನ್ನು ವಾರ್ಡಿಗೆ ಕರೆತಂದಳು, ನಾನು ಬಾಗಿಲವರೆಗೆ ಬಂದೆ. ಮುಂದಿನದು ನಿನಗೇ ಗೊತ್ತು. ಅವನು ನಿದ್ದೆ ಹೋದ. ಅವನ ಹೆಂಡತಿ ಮುತ್ತಮ್ಮ, "ಬಳಲವ್ರೆ, ಮಲ್ಕೊಳ್ಲಿ ಬಿಡವ್ವಾ, ಏಳಿಸ್ಬ್ಯಾಡಿ" ಎಂದಳಂತೆ. ಐದೂವರೆಗೆ ನೀನು ಎಬ್ಬಿಸಿದರೆ ಅವನು ಏಳಲಿಲ್ಲ. ಹಾಸನದ ದಾರಿಯಲ್ಲೇ ತೀರಿಕೊಂಡ.

ಮೆಮೊ ನಿನಗೆ ಬಂತು. ಬರುವ ಸೋಮವಾರ ಆಸ್ಪತ್ರೆ ಟ್ರಸ್ಟಿನ ಏಕಾಂತಯ್ಯನವರು ವಿಚಾರಣೆ ನಡೆಸುತ್ತಾರೆ. ಡಾಕ್ಟರ ಮಾತನ್ನು ಮಾರಮ್ಮನಿಗೆ ಹೇಳಿದ್ದೆ, ಅವಳು ಮರೆತಳು ಎಂದು ನಾನು ಬರೆದುಕೊಟ್ಟಿದ್ದೇನೆ. "ಮಾರಮ್ಮ ನನಗೇನೂ ತಿಳಿಸಲಿಲ್ಲ" ಎಂದು ನೀನೂ ಹೇಳಿದರೆ ನಮ್ಮಿಬ್ಬರ ಕೆಲಸವೂ ಉಳಿಯುತ್ತದೆ. ಅದು ನಿಜವೂ ಹೌದಲ್ಲ. ಮಾರಮ್ಮ ದಿನಗೂಲಿಯವಳು, ಅವಳಿಗೆ ಆಗಲೇ ಬರಬೇಡ ಎಂದಿದ್ದಾರೆ.

ಹೆಚ್ಚು ಯೋಚಿಸಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ನಮ್ಮ ಹಾಗೆ ಜಗಳಗಂಟಿಯಾಗದಿರಲಿ.

ಇಂತಿ,
ಮೀನಾಕ್ಷಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾರಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಹೊರಗೇ ಕುಳಿತಳು. "ಅಕ್ಕಾ, ಎಷ್ಟ್ ಯೋಚ್ನೆ ಮಾಡಿದ್ರೂ ನೀವು ಹೇಳಿದ್ ಮಾತು ಗ್ಯಾನಕ್ಕೆ ಬತ್ತಾ ಇಲ್ಲ. ಮಂಚಕ್ಕೆ ಮಲಗ್ಸೋವಾಗ ಮರೆತ್ಬಿಟ್ನೇನೋ. ನನ್ನಿಂದ ಒಂದು ಜೀವ ಹೋಯ್ತು" ಎಂದು ಅತ್ತಳು. ನಾನು ಕಾಫಿ ಕೊಟ್ಟು ಕಳಿಸಿದೆ.

ಅವಳಿಗೆ ಎಲ್ಲಿಂದ ನೆನಪಾಗಬೇಕು ಇಂದು, ನಾನು ಹೇಳಿದ್ದರೆ ತಾನೇ? ಅಂದು ಬಾಗಿಲಲ್ಲಿ ನನ್ನನ್ನು ಕಂಡು ನೀನು ಮುಖ ತಿರುಗಿಸಿದೆ. ನನಗೆ ರೇಗಿತು. ಕ್ವಾರ್ಟರ್ಸ್ ಸಿಕ್ಕ ದೊಡ್ಡ ಸಿಸ್ಟರ್ ಅಲ್ಲವೇ, ನೀನೇ ನೋಡಿಕೊ ಎಂದುಕೊಂಡು, ಏನೂ ಹೇಳದೆ ಮನೆಗೆ ಬಂದು ಊಟ ಮಾಡಿ ಮಲಗಿದೆ.

ಸೋಮವಾರ ಇದನ್ನು ಹೇಳಿಬಿಡಬೇಕು ಎಂದುಕೊಂಡಿದ್ದೇನೆ. ಆದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಈ ಕಾಗದ ಹರಿಯಬೇಡ, ಬರುವಾಗ ತಾ. ನಾನು ಸುಮ್ಮನೆ ಕುಳಿತರೆ ಏಕಾಂತಯ್ಯನವರ ಕೈಗೆ ಕೊಡು.