ಮೊದಲು ಕಂಡವರು

ಜೂನ್ ೧೪, ಶುಕ್ರವಾರ

ಸಂಗ್ರಹಾಲಯದ ಹಿಂದಿನ ನಲ್ಲಿಯ ಬಳಿ ಆ ನೀಲಿ ಚಿಟ್ಟೆಯನ್ನು ಹನ್ನೊಂದು ದಿನ ನೋಡಿದವಳು ನಾನು. ಉಗುರಿನಷ್ಟೇ ಗಾತ್ರ, ಕೂತರೆ ಬೂದಿ ಬಣ್ಣ, ಹಾರಿದರೆ ಮಾತ್ರ ನೀಲಿ. ಇಲ್ಲಿ ಫೋಟೋ ತೆಗೆಯುವ ಅಕ್ಕನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಇಂದು ಅವಳು ತೆಗೆದ ಚಿತ್ರ ನೋಡಿ ಮುಖ್ಯಸ್ಥರು, ಈ ಊರಲ್ಲಿ ಇದುವರೆಗೆ ಯಾರೂ ಕಾಣದ ಚಿಟ್ಟೆ ಎನ್ನುತ್ತ ಕುರ್ಚಿಯಿಂದ ಎದ್ದೇಬಿಟ್ಟರು. ನನಗೆ ಹೊಟ್ಟೆ ಉರಿದುಹೋಯಿತು.

ಅವಳನ್ನು ಕಳ್ಳಿ ಎನ್ನಲೂ ಆಗದು. "ಸಾರ್, ಮೊದ್ಲು ನೋಡಿದ್ದು ಇವಳೇ," ಅಂದಳು. ಎಲ್ಲರೂ ನನ್ನತ್ತ ತಿರುಗಿದರು. "ಇಲ್ಲ ಸಾರ್, ನಾನಲ್ಲ," ಅಂದೆ.

"ಅಯ್ಯೋ ಹುಚ್ಚಿ, ಬಾಯಿಗೇನು ಬೀಗ ಹಾಕಿದಾರಾ?" ಎಂದು ಆಮೇಲೆ ಬೈದಳು. ಒಳ್ಳೆಯವಳೂ ಅವಳೇ ಆಗಬೇಕೇ?

ಚಿತ್ರದ ಕೆಳಗಿನ ಬರಹ ನನ್ನ ಕೆಲಸ. ಗಾತ್ರ, ಬಣ್ಣ ಎಲ್ಲ ಬರೆದಾಯಿತು. 'ಮೊದಲು ಕಂಡವರು' ಎಂಬಲ್ಲಿ ಅವಳ ಹೆಸರಿನ ಮೊದಲ ಅಕ್ಷರ ಬರೆದೆ, ಮುಂದಕ್ಕೆ ಕೈ ಓಡದೆ ಅಷ್ಟಕ್ಕೇ ಬಿಟ್ಟು ಬಂದೆ.